ಅಪ್ಪನಿಗೆ ಕವಾಯತು ಕಲಿಸಿದ ಅವ್ವ

ಹಿರೇಕೆರೂರಿನ ಶಾಲೆಯಲ್ಲಿ ಅಪ್ಪ ಕವಾಯತು ಮಾಸ್ತರರಾಗಿದ್ದರು. ಕೊರಳಲ್ಲಿ ಸೀಟಿ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ನೆಟ್ಟಗಿನ ಬೆನ್ನು. ಅವರು ‘ಎಡಾ, ಬಲಾ’ ಎಂದು ಕೂಗಿದರೆ ಬಯಲಿನಾಚೆಯ ಹತ್ತಿ ಅಂಗಡಿಗಳವರೆಗೂ ಕೇಳುತ್ತಿತ್ತು. ಅವ್ವನ ದನಿ ಮಾತ್ರ ಪಡಸಾಲೆ ದಾಟಿ ಹೊರಗೆ ಬಂದದ್ದನ್ನು ನಾನು ಕೇಳಿರಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ, ತೊಡೆಯ ಮೇಲೆ ಸುಮ್ಮನೆ ಇಟ್ಟ ಅಪ್ಪನ ಬಲಗೈ ನಡುಗತೊಡಗಿತು. ಚಹಾದ ಬಟ್ಟಲು ಹಿಡಿದರೆ ನಡುಕ ನಿಲ್ಲುತ್ತಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಹೆಜ್ಜೆ ಸಣ್ಣದಾಯಿತು, ದನಿ ಇಳಿಯಿತು. ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಹುಬ್ಬಳ್ಳಿಯ ಡಾಕ್ಟರು ಕಂಪವಾತ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು.

“ಪೂರಾ ವಾಸಿ ಆಗೋದಲ್ಲರಿ ಇದು. ಆದ್ರ ಕುಂದರ್ಸಬ್ಯಾಡ್ರಿ, ನಡಸ್ರಿ” ಎಂದು ಅವ್ವನಿಗೆ ಹೇಳಿದರು.

ಅಪ್ಪ ಕೆಲಸ ಬಿಟ್ಟರು. ಹುಡುಗರು ನಗುತ್ತಾರೆಂದು ಹೊರಗೆ ಹೋಗುವುದನ್ನೂ ಬಿಟ್ಟರು.

ಒಂದು ಮುಂಜಾನೆ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿದ್ದರು. ನಾನು ಕೈ ಹಿಡಿದು ಎಳೆದೆ. ಮುಗ್ಗರಿಸಿ ಬೀಳುವುದರಲ್ಲಿದ್ದರು.

“ಜಗ್ಗಬ್ಯಾಡ ಬಿಡು” ಎಂದು ಅವ್ವ ನನ್ನನ್ನು ಸರಿಸಿದಳು. ಅಪ್ಪನ ಕಾಲುಗಳನ್ನು ತುಸು ಹೊತ್ತು ನೋಡಿ, ನಾಚುತ್ತಲೇ “ಎಡಾ” ಎಂದಳು.

ಅಪ್ಪನ ಎಡಗಾಲು ಎದ್ದಿತು. “ಬಲಾ” ಎಂದಳು. ಅವರು ಹೊಸ್ತಿಲು ದಾಟಿದ್ದರು.

“ಏನ, ನನಗ ಕವಾಯತು ಕಲಸ್ತಿ ಏನು?” ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕರು.

“ಹೂಂನ್ರಿ. ನಾಳಿಂದ ಅಂಗಳದಾಗ.”

ನಿಂತಲ್ಲೇ ತಿರುಗಿದರೆ ಅಪ್ಪ ಬೀಳುತ್ತಿದ್ದರು, ಹಾಗಾಗಿ ತುಳಸಿಕಟ್ಟೆಯ ಸುತ್ತ ದೊಡ್ಡ ಸುತ್ತು ಹಾಕಿ ತಿರುಗುವುದನ್ನು ಅವ್ವ ರೂಢಿ ಮಾಡಿಸಿದಳು. ನಡೆಯುವಾಗ ಮಾತಾಡಿಸಿದರೆ ಹೆಜ್ಜೆ ತಪ್ಪುತ್ತದೆಂದು ತಿಳಿದಮೇಲೆ ನಮ್ಮೆಲ್ಲರ ಬಾಯಿ ಮುಚ್ಚಿಸಿದಳು. “ಮೊದ್ಲ ಕಾಲು ತಾವಾಗೇ ನಡೀತಿದ್ವು. ಈಗ ಒಂದೊಂದ ಹೆಜ್ಜಿಗೂ ಅಪ್ಪಣಿ ಕೊಡಬೇಕು” ಎನ್ನುತ್ತಿದ್ದ ಅಪ್ಪ, ಬರಬರುತ್ತ ತಮಗೆ ತಾವೇ ತುಟಿಯಲ್ಲಿ ಅಪ್ಪಣೆ ಕೊಟ್ಟುಕೊಳ್ಳುವುದನ್ನು ಕಲಿತರು.

ಮಳೆಗಾಲ ಕಳೆದಮೇಲೆ ಅವ್ವ ಅವರನ್ನು ಸಂತೆಗೆ ಹೊರಡಿಸಿದಳು. ನಾನು ಬುಟ್ಟಿ ಹಿಡಿದು ಹಿಂದೆ ನಡೆದೆ. ಚೆನ್ನಾಗಿಯೇ ಹೋದರು. ಮೆಣಸಿನಕಾಯಿ ಚೀಲಗಳ ನಡುವಿನ ಇಕ್ಕಟ್ಟಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ.

“ಮಾಸ್ತರ್ರ, ಆರಾಮ ಅದೀರೇನ್ರಿ?”

ಉತ್ತರ ಕೊಡಲು ಹೋದ ಅಪ್ಪನ ಕಾಲು ಅಲ್ಲೇ ಅಂಟಿಕೊಂಡಿತು. ಹಿಂದಿನಿಂದ ಜನ ನೂಕುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು, ದನಿ ಬರಲಿಲ್ಲ. ಆಚೆ ಬದನೆಕಾಯಿ ಆರಿಸುತ್ತಿದ್ದ ಅವ್ವ ತಿರುಗಿ ನೋಡಿದಳು, ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ಎಡಾ!”

ಇಡೀ ಸಂತೆ ಅತ್ತ ತಿರುಗಿತು. “ಬಲಾ! ಎಡಾ!” ಅವ್ವ ನಿಲ್ಲಿಸಲಿಲ್ಲ. ಅಪ್ಪನ ಬೆನ್ನು ನೆಟ್ಟಗಾಯಿತು, ಕಾಲು ಎದ್ದಿತು. ಆ ವಿದ್ಯಾರ್ಥಿ ಚೀಲಗಳನ್ನು ಎಳೆದು ದಾರಿ ಮಾಡಿಕೊಟ್ಟ. ಒಬ್ಬರೂ ನಗಲಿಲ್ಲ. ಇವರಿಬ್ಬರೂ ನನ್ನವರೆಂದು ಎಲ್ಲರಿಗೂ ಕೂಗಿ ಹೇಳಬೇಕೆನ್ನುವಷ್ಟು ಹೆಮ್ಮೆ ನನಗೆ.

ಮುಂದೆ ಕೆಲವು ವರ್ಷ ಅಪ್ಪ ಸಂತೆ ತಪ್ಪಿಸಲಿಲ್ಲ. ಅರವತ್ತರ ದಶಕದ ಕೊನೆಗೆ ರೋಗದ ಕೈ ಮೇಲಾಗಿ, ಪಡಸಾಲೆಯಲ್ಲಿ ಹೊರಸು ಹಿಡಿದು ಮಲಗಿದರು. ಅಷ್ಟರಲ್ಲಿ ಅವ್ವನ ಸುದ್ದಿ ದೂರ ಹೋಗಿತ್ತು. ಹಿರೇಬೆಂಡಿಗೇರಿಯ ರೈತನೊಬ್ಬ ಇಂಥದೇ ರೋಗದ ತಾಯಿಯನ್ನು ಬಸ್ಸಿನಲ್ಲಿ ನಮ್ಮ ಮನೆಗೆ ಕರೆತಂದ. ಎಡ-ಬಲ ಎಂದರೂ ಕವಾಯತು ಅರಿಯದ ಆಕೆಯ ಕಾಲು ಕದಲಲಿಲ್ಲ. ಅವ್ವ ಪಕ್ಕದಲ್ಲಿ ಕೂತು ಕೇಳಿದಳು:

“ಯಕ್ಕಾ, ಹೊಲದಾಗ ಏನ ಕೆಲಸ ಮಾಡ್ತಿದ್ರಿ?”

“ಹತ್ತಿ ಬಿಡಸ್ತಿದ್ನೆವ್ವಾ, ಸಾಲು ದಾಟಿ ದಾಟಿ.”

ಅವ್ವ ಒಲೆಯ ಬೂದಿ ತಂದು ಅಂಗಳದಲ್ಲಿ ಅಡ್ಡಡ್ಡ ಗೆರೆ ಎಳೆದಳು. “ಇವು ಹತ್ತಿ ಸಾಲಂತ ತಿಳ್ಕೋರಿ. ದಾಟ್ರಿ.”

ಮುದುಕಿ ನಿರಿಗೆ ಎತ್ತಿ ಹಿಡಿದು ಮೊದಲ ಗೆರೆ ದಾಟಿದಳು. ಮುಂದಿನದನ್ನೂ ದಾಟಿದಳು. ಅಪ್ಪ ಹೊರಸಿನ ಮೇಲಿಂದ “ಹಾಂಗ, ಹಾಂಗ” ಎನ್ನುತ್ತಿದ್ದರು.