ಮಾಸ್ತರರು ಕಾಯ್ದ ಬಾಟಲಿ

ಅಕ್ಷತಾ, ಬೀರೇಶ, ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಅಕ್ಷತಾ ಜಮಖಂಡಿಯ ಕಾಲೇಜಿನಿಂದ ಬಂದು ರೊಟ್ಟಿ ಮುರಿಯುವಾಗ ಬೆರಳ ತುದಿ ಹಳದಿಯಾಗಿತ್ತು. "ಲ್ಯಾಬಿನ್ಯಾಗ ಆ್ಯಸಿಡ್ ತಾಕೇತಿ ಆಯಿ, ತೊಳದ್ರ ಹೋಗವಲ್ದು" ಎಂದಳು. ನಮ್ಮ ಹಳೆಯ ಊರಿನ ಹೈಸ್ಕೂಲಿನ ವಿಜ್ಞಾನ ಮಾಸ್ತರರ ಬೆರಳಿನಲ್ಲೂ ಇಂಥದೇ ಕಲೆಯಿರುತ್ತಿತ್ತು… ಅವರ ಕಥೆಯನ್ನು ನಿಮಗೆ ಹೇಳಿಯೇ ಬಿಡಬೇಕೆಂದು ಅಂದೇ ಹಾಳೆ ತೆಗೆದಿಟ್ಟೆ.

ಬೀಳಗಿ ತಾಲ್ಲೂಕಿನ ನಮ್ಮ ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗುವುದಿತ್ತು. ಆ ಬೇಸಿಗೆಯಲ್ಲಿ ಎಲ್ಲರೂ ತಮ್ಮ ಮನೆಗಳನ್ನು ತಾವೇ ಕೆಡವಿ, ಬಾಗಿಲು, ಚೌಕಟ್ಟು, ತೊಲೆಗಳನ್ನು ಟ್ರ್ಯಾಕ್ಟರಿಗೆ ಹೇರಿ ಹೊಸ ಊರಿಗೆ ಸಾಗಿಸುತ್ತಿದ್ದರು. ಹೈಸ್ಕೂಲಿನ ಕಟ್ಟಿಗೆಯನ್ನೂ ಒಯ್ಯಿರಿ ಎಂದು ಹಿರಿಯರು ಹೇಳಿಬಿಟ್ಟರು.

ಮಾಸ್ತರರು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು, ನನ್ನನ್ನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುತ್ತಿದ್ದರು. ಯಾವ ವಸ್ತು ಕಂಡರೂ ಅದರ ಹೆಸರು ಎಲ್ಲಿಂದ ಬಂತೆಂದು ಹೇಳದೆ ಬಿಡುತ್ತಿರಲಿಲ್ಲ. ಒಮ್ಮೆ ನಾನು ಜ್ವರಕ್ಕೆಂದು ಕಟುಕರೋಹಿಣಿ ಕುದಿಸುತ್ತಿದ್ದೆ. "ವೈನಿ, ಇದರ ಶಾಸ್ತ್ರದ ಹೆಸರು ಪಿಕ್ರೊರೈಝಾ. ಗ್ರೀಕ್ ಭಾಷಾದಾಗ ಪಿಕ್ರೋಸ್ ಅಂದ್ರ ಕಹಿ, ರೈಝಾ ಅಂದ್ರ ಬೇರು" ಎಂದರು. ಬಾಗಿಲ ಹಿಂದೆ ಸರಿದು ನಿಂತು ಕೇಳಿದೆ. ನನಗದು ಹಿಡಿಸಿತ್ತು.

ಶಾಲೆಯ ಸಾಗವಾನಿ ಕಪಾಟಿನಲ್ಲಿ ಪಿಕ್ರಿಕ್ ಆ್ಯಸಿಡ್ ಎಂಬ ಹಳೆಯ ಬಾಟಲಿಯಿತ್ತು. ಅದು ಯಾವಾಗಲೂ ನೀರಿನಲ್ಲಿ ನೆನೆದಿರಬೇಕಂತೆ. ಮಾಸ್ತರರು ಈ ಶಾಲೆಗೆ ಬರುವ ಮೊದಲೇ ಒಣಗಿ, ಮುಚ್ಚಳಕ್ಕೆ ಹಳದಿ ಹರಳು ಕಟ್ಟಿತ್ತು. ಮುಚ್ಚಳ ತಿರುಗಿಸಿದರೂ, ಕಪಾಟು ಅಲುಗಿದರೂ ಸಿಡಿದೀತು, ತಿಳಿದವರನ್ನು ಕಳಿಸಿರಿ ಎಂದು ಮಾಸ್ತರರು ಮೇಲಿನವರಿಗೆ ಹೇಳಿ ಬಂದರು. ಯಾರೂ ಬರಲಿಲ್ಲ.

ಕಪಾಟು ಒಯ್ಯಲು ಜನ ಬಂದಾಗ ಅವರು ಹೆಸರಿನಿಂದಲೇ ಶುರು ಮಾಡಿದರು. ಇದಕ್ಕೂ ಅದೇ ಗ್ರೀಕ್ ಶಬ್ದ, ಕಹಿ ಎಂಬುದೇ ಅರ್ಥ…

"ಹಾಗಲಕಾಯಿನೂ ಕಹಿ ಐತ್ರಿ ಸರ. ಅದ್ಯಾವಾಗ ಸಿಡೀತು?" ಎಂದನೊಬ್ಬ. ಎಲ್ಲರೂ ನಕ್ಕರು. "ಕಪಾಟ ಮ್ಯಾಲ ಕಣ್ಣೈತಿ ಮಾಸ್ತರಂದು" ಎಂದ ಮತ್ತೊಬ್ಬ.

ಅಂದು ಊಟಕ್ಕೆ ಬಡಿಸುವಾಗ ನಾನೇ ಬಾಯಿಬಿಟ್ಟೆ. "ಸರ್, ಹೆಸರು ಬಿಡ್ರಿ. ಖಣ್ಯಾಗ ಕಲ್ಲು ಸಿಡಸೂ ಮದ್ದು ಅಂತ ಹೇಳ್ರಿ, ತಿಳೀತೈತಿ."

"ಅದು ಬ್ಯಾರೆ ವಸ್ತು ವೈನಿ. ತಪ್ಪು ಹೇಳಬಾರದು."

ಎಷ್ಟು ಸಿಟ್ಟು ಬಂತೆಂದರೆ ಸಾರಿನ ಸೌಟನ್ನು ಕುಕ್ಕಿ ಒಳಗೆ ಹೋದೆ.

ಮರುದಿನ ನಿಮ್ಮ ಅಜ್ಜ ಹಾರೆ ಹೆಗಲಿಗೇರಿಸಿದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ. "ಹೋಗಬ್ಯಾಡ್ರೀ, ಅದು ಸಿಡೀತೈತಂತ."

"ಮಾಸ್ತರ ಕಹಿ ಅಂತಾನ, ನೀ ಸಿಡೀತೈತಿ ಅಂತಿ. ಸರಿ ಅತ್ಲಾಗ!"

ಸೆರಗು ಹೊದ್ದು ಹಿಂದೆಯೇ ಹೋದೆ. ಮಾಸ್ತರರು ಶಾಲೆಯಲ್ಲಿ ಆ ಕಪಾಟಿದ್ದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. "ಎಳಿಯೂದಿದ್ರ ಮೊದಲ ನನ್ನ ಎಳೀರಿ" ಎಂದರು. ಮಾಸ್ತರರ ಮೈಮುಟ್ಟಲು ಯಾರಿಗೂ ಕೈ ಬರಲಿಲ್ಲ. ನಿಮ್ಮ ಅಜ್ಜ ಬೈಯುತ್ತ ತಿರುಗಿದರು. ಉಳಿದ ಶಾಲೆಯೆಲ್ಲ ಟ್ರ್ಯಾಕ್ಟರ್ ಏರಿತು. ಅದೊಂದು ಕೋಣೆ ನಿಂತಿತು, ಅದರ ಬಾಗಿಲಲ್ಲಿ ಅವರು, ಹೊಳೆ ಏರಿ ಬರುವವರೆಗೆ.

ಹೊಸ ಊರಿಗೆ ಬಂದು ಅವರು ಮೊದಲು ನನಗೇ ಹೇಳಿದರು: "ನೀರು ಕಪಾಟಿನ ಮ್ಯಾಲ ಹೋತು ವೈನಿ. ಇನ್ನ ಚಿಂತಿಲ್ಲ."

ಅವರ ಚಿಂತೆ ಮುಗಿಯಿತು, ನನ್ನದು ಶುರುವಾಯಿತು. ಏನೂ ಸಿಡಿಯಲಿಲ್ಲವಲ್ಲ, ಹಾಗಾಗಿ ಊರಿಗೆಲ್ಲ ಅವರು ಸುಳ್ಳುಗಾರರಾದರು. ಆಗದೆ ಹೋದದ್ದಕ್ಕೆ ಸಾಕ್ಷಿಯನ್ನು ನಾನೆಲ್ಲಿಂದ ತರಲಿ? ಅವರಿಗೆ ಬಾಡಿಗೆಗೆ ಕೋಣೆ ಕೊಡುವವರು ಒಬ್ಬರೂ ಇರಲಿಲ್ಲ. ನಿಮ್ಮ ಅಜ್ಜನೂ ಕೊಡಲಿಲ್ಲ. ಮಾಸ್ತರರು ಲೋಕಾಪುರದ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಅಲ್ಲೇ ತೀರಿಕೊಂಡರೆಂದು ಬಹಳ ತಡವಾಗಿ ಕೇಳಿದೆ…

"ಛಲೋ ಕಪಾಟ ನೀರಪಾಲ ಮಾಡಿದ" ಎಂದು ನಿಮ್ಮ ಅಜ್ಜ ಕಡೆಯವರೆಗೂ ಅನ್ನುತ್ತಿದ್ದರು. ಪ್ರತಿ ಸಲವೂ ಎರಡೂ ಕೈ ಬೀಸಿ ಅನ್ನುತ್ತಿದ್ದರು. ಮಾಸ್ತರರು ಅಡ್ಡ ಕೂರದಿದ್ದರೆ ಆ ಕೈಗಳು ಉಳಿಯುತ್ತಿದ್ದವೇ ಎಂದುಕೊಳ್ಳುತ್ತ ನಾನು ಅವುಗಳನ್ನೇ ನೋಡುತ್ತಿದ್ದೆ. ಈಗ ಜಗಳವಾಡಲು ಅವರೂ ಇಲ್ಲ.

ಓದಿದ ಮೇಲೆ ಈ ಹಾಳೆಗಳನ್ನು ಅಜ್ಜನ ಫೋಟೋದ ಹಿಂದೆಯೇ ಜೋಪಾನವಾಗಿಡಿ. ನಾನು ಅವರಿಗೆ ಕೊಡದೆ ಉಳಿಸಿಕೊಂಡ ಉತ್ತರ ಇದು.