ಗುಹೆಗೆ ಬಂದ ಮೇಸ್ತ್ರಿ

ನಮ್ಮ ಗೆಳೆಯರಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬನಿದ್ದಾನೆ, ಯಾರ ಮನೆಗೆ ಕರೆದರೂ ಕೊಟ್ಟ ನೀರು ಕುಡಿಯುವ ಮೊದಲೇ ಬೆರಳ ಗೆಣ್ಣಿನಿಂದ ನೆಲ ತಟ್ಟಿ, "ಒಳಗೆ ಪೊಳ್ಳು ಕಣೋ, ಯಾರು ಹಾಕಿದ್ದು ಇದನ್ನ?" ಎಂದು ಮನೆಯವರ ಮುಖ ಸಣ್ಣದು ಮಾಡುತ್ತಾನೆ. ತನ್ನ ಕೆಲಸಕ್ಕೆ ಮಾತ್ರ ಬೇರೆಯೇ ಕಾನೂನು. ನಮ್ಮ ಅಡುಗೆಮನೆಯ ಫ್ರಿಜ್ಜಿನ ಹಿಂದೆ ಅವನೇ ಓರೆಯಾಗಿ ಕೂರಿಸಿದ ಟೈಲನ್ನು ನನ್ನ ಹೆಂಡತಿ ತೋರಿಸಿದಾಗ, "ಅಲ್ಲಿ ಯಾರು ನೋಡ್ತಾರೆ ಅತ್ತಿಗೆ, ಬಿಡಿ!" ಎಂದು ನಕ್ಕುಬಿಟ್ಟಿದ್ದ. ಕಳೆದ ಭಾನುವಾರ ಐವರು ಸೇರಿ ಬಂಡೆ ಕೊರೆದ ಹಳೆಯ ಗುಹೆಗಳನ್ನು ನೋಡಲು ಹೋದಾಗಲೂ ಈ ಮಹಾಶಯನ ಜೇಬಿನಲ್ಲಿ ಬಿಸ್ಕತ್ತಿನ ಜೊತೆ ದಾರಕ್ಕೆ ಕಟ್ಟಿದ ತೂಕದ ಗುಂಡು. ನಾವು ಶಿಲ್ಪಗಳ ಮುಂದೆ ಬಾಯಿಬಿಟ್ಟು ನಿಂತಿದ್ದರೆ, ಇವನು ಕಂಬಕಂಬಕ್ಕೂ ಗುಂಡು ಇಳಿಬಿಟ್ಟು, ಸಾವಿರ ವರ್ಷದ ಹಿಂದೆ ತೀರಿಕೊಂಡ ಕಲ್ಲುಕುಟಿಗನನ್ನು, "ಏನಪ್ಪಾ, ಊಟದ ಹೊತ್ತಾಗಿತ್ತಾ? ಅರ್ಧ ಬೆರಳು ವಾಲಿಸಿದೀಯಲ್ಲ!" ಎಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಕಾವಲುಗಾರ ನಕ್ಕು ನಕ್ಕು ಕುಳಿತೇಬಿಟ್ಟ. ಕೊನೆಯ ಗುಹೆಯಲ್ಲಿ ಮೂಲೆಯ ಕಂಬದ ಹಿಂದೆ ತೋಳು ತೂರುವಷ್ಟೇ ಸಂದಿ, ಒಳಗೆ ಕಗ್ಗತ್ತಲೆ. ಅಲ್ಲಿ ಕೈ ಹಾಕಿ ತಡವಿದವನು ಗುಂಡನ್ನು ಜೇಬಿಗಿಳಿಸಿ, ಭುಜದವರೆಗೂ ತೋಳು ತೂರಿಸಿದ. "ಹಿಂದುಗಡೇನೂ ಬಳ್ಳಿ ಕೆತ್ತಿದಾನೆ ಕಣೋ, ಎಲೆ ನರದ ಸಮೇತ," ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ನಾವೆಲ್ಲ ಗಂಟಲು ಹರಿಯುವಂತೆ ಹಾಡುತ್ತಿದ್ದರೆ ಅವನು ಬೆರಳ ತುದಿ ಉಜ್ಜಿಕೊಳ್ಳುತ್ತ ಕೂತಿದ್ದ. ಮರುದಿನ ನಮಗಿನ್ನೂ ಕಾಫಿಯೂ ಆಗಿರಲಿಲ್ಲ, ಉಳಿ ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ: "ಅತ್ತಿಗೆ, ಆ ಫ್ರಿಜ್ ಸ್ವಲ್ಪ ಸರಿಸೋಣ್ವಾ?"