ಕ್ಯಾಬಿನ್ ಸೀಟಿನ ಮೇಲಿನ ಚೈನು

ನಮ್ಮ ಯಜಮಾನರು ವಾಸ್ಕೋದ ಗುಜರಿ ಅಂಗಡಿಯಿಂದ ಆ ಚೈನು ತಂದ ದಿನ ನಾನು ಚಹಾಕ್ಕೆ ಹೆಚ್ಚಿಗೆ ನೀರಿಟ್ಟಿದ್ದೆ. ಹೊರಗಿನಿಂದಲೇ ಅಷ್ಟು ಹುರುಪಿನಿಂದ ನನ್ನನ್ನು ಕೂಗಿದ್ದರು, ಊರಿಂದ ಯಾರೋ ಬಂದಿದ್ದಾರೆ ಅಂದುಕೊಂಡೆ. ಬಂದು ನೋಡಿದರೆ ಹೊಸ್ತಿಲ ಮೇಲೆ ಎಣ್ಣೆ ಮೆತ್ತಿದ ಚೈನು. ಹಡಗಿನಲ್ಲಿ ಸರಕು ಅಲುಗದಂತೆ ಕಟ್ಟುವ ಚೈನಂತೆ. ಒಂದೊಂದು ಕೊಂಡಿ ಹೆಬ್ಬೆರಳಿನಷ್ಟು ದಪ್ಪ, ಎರಡೂ ತುದಿಗೆ ಕೊಕ್ಕೆ, ನಡುವೆ ತಿರುಪು ತಿರುಗಿಸಿ ಬಿಗಿ ಮಾಡುವ ಟೈಟ್ನರ್.

"ಆನಿ ಕಟ್ಟಿದ್ರೂ ಅಲುಗಂಗಿಲ್ಲ ನೋಡು," ಅಂದರು.

ಮಂಗೋರ್ ಹಿಲ್‌ನ ನಮ್ಮ ಒಂದೂವರೆ ಕೋಣೆಯ ಮನೆಗೆ ಆನೆ ಬರುವ ಸಂಭವ ಕಡಿಮೆ. ಆದರೆ ಹಳೆ ವರ್ಕ್‌ಶಾಪ್‌ಗಳ ಸಾಮಾನು ಮಾತ್ರ ಬರುತ್ತಲೇ ಇತ್ತು. ನಮ್ಮವರು ಬೇರೆಯವರ ಲಾರಿ ಓಡಿಸುತ್ತಿದ್ದರು, ಮನಸ್ಸು ಮಾತ್ರ ಗುಜರಿಯಲ್ಲಿರುತ್ತಿತ್ತು. ಕೊಯ್ಯುವಾಗ ಕಬ್ಬಿಣವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ದೊಡ್ಡ ವೈಸನ್ನು ತಂದು ಅಡುಗೆ ಕಟ್ಟೆಗೆ ನಟ್ಟು ಹಾಕಿ ಕೂರಿಸಿದ್ದರು. ಅದರಲ್ಲಿ ನಾನು ತೆಂಗಿನಕಾಯಿ ಸಿಕ್ಕಿಸಿ ಸುಲಿಯುತ್ತಿದ್ದೆ. ಮಂಚದ ಒಂದು ಕಾಲಿನ ಜಾಗದಲ್ಲಿ ಲಾರಿಯ ಜಾಕ್ ಇತ್ತು. ರೈಲಿನ ಹಳಿಯ ತುಂಡೊಂದು ಬಾಗಿಲ ಬಳಿ ಬಿದ್ದಿದ್ದು, ಬಂದವರೆಲ್ಲ ಅದಕ್ಕೆ ಕಾಲು ಎಡವಿಯೇ ಒಳಗೆ ಬರುತ್ತಿದ್ದರು. ಇವೆಲ್ಲ ಮುಂದೆ ತಮ್ಮದೇ ಗ್ಯಾರೇಜ್ ಹಾಕಿದಾಗ ಬೇಕು ಅಂತ ಅವರ ವಾದ. ಆ ಗ್ಯಾರೇಜು ಎಲ್ಲಿ, ಯಾವಾಗ ಎಂದು ಕೇಳಿದರೆ ಅವತ್ತು ಊಟಕ್ಕೆ ಮುಖ ಊದಿಸಿಕೊಂಡು ಕೂರುತ್ತಿದ್ದರು.

ಚೈನಿನ ಮರ್ಯಾದೆಯೇ ಬೇರೆ. ಅದು ಮನೆಯಲ್ಲಿರಲಿಲ್ಲ, ಲಾರಿಯ ಕ್ಯಾಬಿನ್ನಿನಲ್ಲಿ, ಡ್ರೈವರ್ ಪಕ್ಕದ ಸೀಟಿನ ಮೇಲೆ ಗೋಣಿಚೀಲ ಹೊದ್ದು ಕೂತಿರುತ್ತಿತ್ತು. ಹಿಂದೆ ಲೋಡು ಕಟ್ಟಲು ಗಂಟಿನ ಮೇಲೆ ಗಂಟು ಹಾಕಿದ ಹಳೆಯ ಹಗ್ಗ. ಒಮ್ಮೆ ಕಲಂಗುಟ್‌ನ ಹೋಟೆಲೊಂದಕ್ಕೆ ಹಾಸಿಗೆ ಒಯ್ಯುವಾಗ ಆ ಹಗ್ಗ ಹರಿದು, ಹಾಸಿಗೆಗಳು ದಾರಿಯುದ್ದಕ್ಕೂ ಉರುಳಿದವು. ಬಿಸಿಲು ಕಾಯಿಸಿಕೊಳ್ಳಲು ಬಂದ ಪರದೇಶದವನೊಬ್ಬ ಅದರಲ್ಲೊಂದರ ಮೇಲೆ ಆರಾಮಾಗಿ ಮಲಗಿ ಫೋಟೊ ತೆಗೆಸಿಕೊಂಡನಂತೆ. ಹೋಟೆಲಿನವರ ಕೈಯಲ್ಲೂ ಲಾರಿ ಮಾಲೀಕರ ಕೈಯಲ್ಲೂ ಬೈಸಿಕೊಂಡು ಮನೆಗೆ ಬಂದ ನಮ್ಮವರು ಮೊದಲು ಹೇಳಿದ ಮಾತು, "ಚೈನಿಗೇನೂ ಆಗ್ಲಿಲ್ಲ."

"ಅದನ್ನ ಹಿಂದ ಕಟ್ಟಿದ್ರ ಹಾಸಿಗಿಗೂ ಏನೂ ಆಗ್ತಿರ್ಲಿಲ್ಲಲ್ರಿ?" ಅಂದೆ.

"ಇಂಥಾ ಲೋಡಿಗೆಲ್ಲಾ ಹಾಕಿದ್ರ ಸವದು ಹೋಗ್ತೈತಿ. ನಿನಗ ತಿಳಿಯಂಗಿಲ್ಲ, ಸುಮ್ನಿರು."

ನನಗೆ ತಿಳಿಯುತ್ತಿದ್ದುದು ಜೋಳ ಒಂದೇ. ನಮ್ಮ ಗುಡ್ಡದ ತುಂಬ ಧಾರವಾಡ, ವಿಜಾಪುರ ಕಡೆಯವರು. ಬೆಳಗಾದರೆ ಎಲ್ಲರಿಗೂ ರೊಟ್ಟಿ ಬೇಕು. ಆದರೆ ಹತ್ತಿರವಿದ್ದ ಒಂದೇ ಗಿರಣಿಯವನಿಗೆ ಜೋಳ ಅಂದರೆ ಮೂಗು ಮುರಿಯುವ ವಸ್ತು. ಅಕ್ಕಿ, ಗೋಧಿ ಎಲ್ಲ ಮುಗಿದ ಮೇಲೆ, ಕಾದು ಸುಡುವ ಕಲ್ಲಿಗೆ ನಮ್ಮ ಜೋಳ ಸುರಿಯುತ್ತಿದ್ದ. ಹಿಟ್ಟಿಗೆ ಜಿಗಿಯೇ ಇರುತ್ತಿರಲಿಲ್ಲ. ರೊಟ್ಟಿ ಬಡಿಯಲು ಹೋದರೆ ಅಂಚು ಒಡೆದು ಚೂರಾಗುತ್ತಿತ್ತು. ಪಕ್ಕದ ಮನೆಯ ಚಾಚಿ ಅಂತೂ ಹಿಟ್ಟನ್ನು ಸವಣೂರಿನಿಂದಲೇ ಬಸ್ಸಿನವರ ಕೈಯಲ್ಲಿ ತರಿಸುತ್ತಿದ್ದರು. ನಾನೇ ಒಂದು ಗಿರಣಿ ಹಾಕಬೇಕು, ಜೋಳಕ್ಕೆ ಮೊದಲ ಪಾಳಿ ಕೊಡಬೇಕು ಎಂಬುದು ನನ್ನ ಹಠವಾಯಿತು.

ಎಂಬತ್ತರ ದಶಕ ಮುಗಿಯುತ್ತಿದ್ದ ಆ ಹೊತ್ತಿಗೆ ಮಡಗಾಂವಿನಲ್ಲಿ ಒಂದು ಹಳೆಯ ವರ್ಕ್‌ಶಾಪ್ ಮುಚ್ಚುತ್ತಿದೆ, ಮೂಲೆಯಲ್ಲಿ ಗಿರಣಿಯೂ ಒಂದಿದೆ ಎಂಬ ಸುದ್ದಿ ತಂದವರು ನಮ್ಮವರೇ. ನನ್ನ ಬಳೆ ಹೋಯಿತು, ಗಿರಣಿ ನಮ್ಮದಾಯಿತು. ಅದು ದಾರಿಯಲ್ಲಿ ಬಿದ್ದು ಕಲ್ಲು ಒಡೆದರೆ ಬಳೆಯೂ ಇಲ್ಲ, ಗಿರಣಿಯೂ ಇಲ್ಲ, ಮತ್ತೆ ಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಭಾನುವಾರ ಮಾಲೀಕರನ್ನು ಕೇಳಿ ಲಾರಿ ತೆಗೆದುಕೊಂಡು ಹೊರಟೆವು, ಸೀಟಿನ ಮೇಲೆ ಚೈನು, ಹಿಂದೆ ತೆರೆದ ಲಾರಿಯಲ್ಲಿ ನಾನು. ಸಂಜೆಯೊಳಗೆ ಖಾಲಿ ಲಾರಿ ಬಂದರಿನಲ್ಲಿರಬೇಕು ಎಂಬುದು ಮಾಲೀಕರ ಷರತ್ತು.

ವರ್ಕ್‌ಶಾಪಿನ ಒಳಗೆ ಕಾಲಿಟ್ಟದ್ದೇ ತಡ, ನಮ್ಮವರಿಗೆ ನಾವು ಬಂದ ಕೆಲಸವೇ ಮರೆತುಹೋಯಿತು. ಒಂದು ತೂತು ಕೊರೆಯುವ ಮಷೀನಿನ ಮುಂದೆ ನಿಂತು ಅದರ ಹಿಡಿಕೆಯನ್ನು ಸವರುತ್ತ, "ಪೋರ್ಚುಗೀಸರ ಕಾಲದ್ದು, ಇಂಥದ್ದು ಮತ್ತ ಸಿಗಂಗಿಲ್ಲ," ಎಂದರು. ನನ್ನನ್ನೂ ಅವರು ಒಮ್ಮೆಯಾದರೂ ಹಾಗೆ ನೋಡಿದ್ದರೆ ಈ ಕಥೆ ಇಷ್ಟು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ತೋಳು ಹಿಡಿದು ಎಳೆದು ತಂದೆ. ನಾಲ್ಕು ಜನ ಸೇರಿ ಗಿರಣಿಯನ್ನು ಲಾರಿಗೆ ಏರಿಸಿದರು. ಯಜಮಾನರು ಗಂಟಿನ ಹಗ್ಗ ತೆಗೆದರು. ನಾನು ಲಾರಿಯ ಹಿಂಭಾಗ ಹತ್ತಿ ಗಿರಣಿಯನ್ನು ಅಪ್ಪಿಕೊಂಡು ಕೂತುಬಿಟ್ಟೆ.

"ಚೈನ್ ಹಾಕೂತನಕಾ ನಾ ಇಳಿಯಂಗಿಲ್ಲ."

"ಏ, ಮಂದಿ ನೋಡಾಕತ್ತಾರ, ಇಳಿ."

"ನೋಡ್ಲಿ ಬಿಡ್ರಿ. ಹಾಸಿಗಿ ಉರುಳಿದ್ದನ್ನೂ ನೋಡ್ಯಾರ."

ಕೊನೆಗೆ ಕ್ಯಾಬಿನ್ನಿಗೆ ಹೋಗಿ ಗೋಣಿಚೀಲ ಬಿಚ್ಚಿದರು. ಒಮ್ಮೆ ಕೈ ಹಾಕಿದ ಮೇಲೆ ಅವರ ಗತ್ತೇ ಬದಲಾಯಿತು. ಚೈನನ್ನು ಗಿರಣಿಯ ಕಾಲುಗಳ ನಡುವೆ ತೂರಿಸಿ, ಲಾರಿಯ ಕೊಂಡಿಗಳಿಗೆ ಸಿಕ್ಕಿಸಿ, ಟೈಟ್ನರಿಗೆ ನೀರಿನ ಪೈಪು ಹಾಕಿ ಇಬ್ಬರಿಂದ ತಿರುಗಿಸಿದರು. ಸಾಕು ಅಂದರೂ ಇನ್ನೂ ಒಂದು ಸುತ್ತು. ಕಬ್ಬಿಣ ಕಿರ್ ಅಂದಿತು. ನಿಂತ ಜನರತ್ತ ತಿರುಗಿ ನೋಡಿದರು, ಮದುವೆಯಲ್ಲಿ ತಾಳಿ ಕಟ್ಟಿದಾಗಲೂ ಅಷ್ಟು ಹೆಮ್ಮೆಯಿಂದ ನೋಡಿರಲಿಲ್ಲ. ಸೀಟು ಖಾಲಿಯಾಗಿತ್ತು, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನಾನು ಅಲ್ಲಿ ಕೂತೆ.

ದಾಬೋಲಿಮ್ ದಾಟಿ ಗುಡ್ಡದ ಏರಿಗೆ ಲಾರಿ ಮುಕ್ಕರಿಯುವಾಗ ನಾನು ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕೂತೆ. ಹಿಂದಿನ ಕಿಂಡಿಯಿಂದ ನೋಡುತ್ತಲೇ ಇದ್ದೆ. ಗಿರಣಿ ಒಂದು ಕೂದಲಷ್ಟೂ ಅಲುಗಲಿಲ್ಲ. ಮನೆಯ ಮುಂದೆ ಚಾಚಿ ಆಗಲೇ ಜೋಳದ ಡಬ್ಬಿ ಹಿಡಿದು ನಿಂತಿದ್ದರು, ಅವರ ಹಿಂದೆ ಗುಡ್ಡದ ಅರ್ಧ ಹೆಂಗಸರು.

ಟೈಟ್ನರ್ ಬಿಚ್ಚಲು ಹೋದರೆ ಅದು ಜಗ್ಗಲಿಲ್ಲ. ಪೈಪು ಹಾಕಿದರು, ಇಲ್ಲ. ಸೀಮೆಎಣ್ಣೆ ಸುರಿದರು, ಇಲ್ಲ. ಸುತ್ತಿಗೆಯಿಂದ ಹೊಡೆದರು. ವರ್ಷಗಟ್ಟಲೆ ಕೂತಲ್ಲೇ ಕೂತಿದ್ದ ತಿರುಪು, ಒಳಗೆ ಒಣಗಿದ ಎಣ್ಣೆ, ಮೇಲೆ ಇವರ ಆ ಕೊನೆಯ ಸುತ್ತು. ಒಂದಕ್ಕೊಂದು ಕಚ್ಚಿ ಹಿಡಿದಿದ್ದವು. ಕೊಕ್ಕೆಗಳೂ ಬಿಗಿದುಹೋಗಿ ಕಳಚುವಂತಿರಲಿಲ್ಲ. ಗುಡ್ಡದ ಗಂಡಸರೆಲ್ಲ ಬಂದು ಒಬ್ಬೊಬ್ಬರಾಗಿ ಚೈನು ತಟ್ಟಿ ನೋಡಿ, "ಭಾಳ ಗಟ್ಟಿ ಐತ್ರಿ," ಎಂದು ನಮಗೆ ಗೊತ್ತಿದ್ದನ್ನೇ ಹೇಳಿ ಬದಿಗೆ ನಿಂತರು. ಟೈರಿನ ಗಾಳಿ ಬಿಟ್ಟರೆ ಸಡಿಲಾಗಬಹುದು ಎಂದ ಒಬ್ಬ ಮಹಾಶಯ. ಅಷ್ಟರಲ್ಲಿ ಮಾಲೀಕರ ಕಡೆಯವನು ಬಂದು, ಲಾರಿ ಈಗಲೇ ಬೇಕು, ಇಲ್ಲದಿದ್ದರೆ ಗಿರಣಿ ಸಮೇತ ಒಯ್ದು ಅದರ ಮೇಲೇ ಲೋಡು ತುಂಬುತ್ತೇವೆ ಎಂದ.

ಯಜಮಾನರು ಕಬ್ಬಿಣ ಕೊಯ್ಯುವ ಗರಗಸ, ಹ್ಯಾಕ್ಸಾ ತಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವರು ಲಾರಿ ಹತ್ತಿ, ಬಗ್ಗಿ, ಬ್ಲೇಡನ್ನು ಗಿರಣಿಯ ಕಾಲಿಗೆ ಇಟ್ಟರು.

"ಏನ್ ಮಾಡಾಕತ್ತೀರಿ?"

"ಚೈನ್ ಕೊಯ್ದು ವೆಲ್ಡ್ ಮಾಡಿದ್ರ ಅದರ ಮ್ಯಾಲ ಮತ್ತ ಭರೋಸಾ ಇಡಾಕ ಬರಂಗಿಲ್ಲ. ಗಿರಣಿ ಕಾಲು ಬರೇ ಪಟ್ಟಿಕಬ್ಬಿಣದ್ದು, ನಾಳೆ ವೆಲ್ಡ್ ಮಾಡಿ ಕೊಡ್ತೇನಿ."

ತರ್ಕದಲ್ಲಿ ತಪ್ಪಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ನಾನು ಏರಿ ಹೋಗಿ ಆ ಕಾಲಿನ ಪಕ್ಕ ನನ್ನ ಕಾಲು ಚಾಚಿದೆ.

"ಮೊದಲ ಇದನ್ನ ಕೊಯ್ರಿ. ಇದನ್ನೂ ನಾಳೆ ವೆಲ್ಡ್ ಮಾಡ್ರಿ."

ಗುಡ್ಡದಲ್ಲಿ ಯಾರೂ ನಗಲಿಲ್ಲ. ಚಾಚಿ ಮಾತ್ರ ಡಬ್ಬಿ ಕೆಳಗಿಟ್ಟು, "ಭಾಯ್, ಈಗ ಚೈನಿನ ಕಡೀಗೆ ತಿರುಗ್ರಿ," ಅಂದರು.

ತಿರುಗಿದರು. ಬ್ಲೇಡು ಚೈನಿನ ಮೇಲೆ ಜಾರಿತು, ಮುರಿಯಿತು. ಅವರ ಮುಖದಲ್ಲಿ ಒಂದು ಬೆಳಕು. ಇನ್ನೊಂದು ಬ್ಲೇಡು ಹಾಕಿದರು, ಅದೂ ಮುರಿಯಿತು. "ನೋಡಿದ್ರೇನು?" ಎಂದು ಜನರನ್ನು ಕೇಳಿದರು. ಬ್ಲೇಡು ಮುರಿದಷ್ಟೂ ಹಿಗ್ಗುತ್ತಿದ್ದ ಮನುಷ್ಯ, ಕೊಂಡಿ ಅರ್ಧ ಕೊಯ್ದ ಮೇಲೆ ಜನರ ಕಡೆ ನೋಡುವುದನ್ನೇ ಬಿಟ್ಟರು. ಬೆವರು ಒರೆಸಿದರೋ ಕಣ್ಣು ಒರೆಸಿದರೋ, ಮುಖವೆಲ್ಲ ಕರಿ ಮಸಿ. ಬೇರೆಯವರು ಕೈ ಹಾಕುತ್ತೇವೆ ಅಂದರೆ ಕೊಡಲಿಲ್ಲ. ಹೊತ್ತು ಇಳಿಯುವಾಗ ಕೊಂಡಿ ಟಪ್ ಎಂದು ಬಿಟ್ಟಿತು. ಗಿರಣಿ ಇಳಿಯಿತು, ಲಾರಿ ಹೋಯಿತು.

ಕರೆಂಟು ಕೊಡಿಸಿ ಗಿರಣಿ ಕೂರಿಸಿದ್ದು ಅವರೇ. ಮೊದಲ ಪಾಳಿ ಚಾಚಿಯದು, ಎರಡನೆಯದು ನಮ್ಮ ಜೋಳ. ಆ ಹಿಟ್ಟಿನ ರೊಟ್ಟಿ ಅಂಚು ಒಡೆಯದೆ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಎದ್ದಿತು. ತಟ್ಟೆಗೆ ಹಾಕಿದೆ. ಅವರು ತಲೆ ತಗ್ಗಿಸಿ ತಿನ್ನತೊಡಗಿದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಕಂಡದ್ದನ್ನು ಹೇಳದೆ ಇರಲಾಗಲಿಲ್ಲ.

"ಮಡಗಾಂವಿಂದ ಇಲ್ಲೀತನಕಾ ಗಿರಣಿ ಕೂದಲಷ್ಟೂ ಅಲುಗಿಲ್ರಿ. ನಿಮ್ಮ ಚೈನು ಖರೇನ ಚಲೋ ಇತ್ತು."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

"ಇನ್ನೊಂದ್ಸಲ ಹೇಳು," ಅಂದರು.